ನಡೆಯದ ಕ್ರೀಡಾಕೂಟದ ರಾಯಭಾರಿ

ಒಲಿಂಪಿಕ್ ಕ್ರೀಡಾಕೂಟಗಳ ಪಟ್ಟಿಯನ್ನು ತೆರೆದು ನೋಡಿದವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. 1936ರಲ್ಲಿ ಬರ್ಲಿನ್ನಿನಲ್ಲಿ ನಡೆದದ್ದು 11ನೆಯ ಕೂಟ. ಅದರ ತರುವಾಯ ನಡೆದದ್ದು 1948ರಲ್ಲಿ, ಲಂಡನ್ನಿನಲ್ಲಿ. ಅದರ ಸಂಖ್ಯೆ 14. ನಡುವಣ ಎರಡು ಎಲ್ಲಿ ಹೋದವು? ಒಲಿಂಪಿಯಾಡ್ ಎಂದರೆ ಪ್ರಾಚೀನ ಗ್ರೀಕರಲ್ಲಿ ನಾಲ್ಕು ವರ್ಷಗಳ ಕಾಲಮಾನ. ಆಟ ನಡೆಯಲಿ ಬಿಡಲಿ, ಕಾಲ ನಿಲ್ಲುವುದಿಲ್ಲವಷ್ಟೆ. ಆದ್ದರಿಂದ 12 ಮತ್ತು 13 ಲೆಕ್ಕದಲ್ಲಿ ಮಾತ್ರ ಉಳಿದವು, ಮೈದಾನದಲ್ಲಿ ಇಳಿಯಲಿಲ್ಲ.

ಆ 12ನೆಯದು ಟೋಕಿಯೋ ನಗರಕ್ಕೆ ಸೇರಿದ್ದಾಗಿತ್ತು. 1964ರಲ್ಲಿ ಏಷ್ಯಾದ ನೆಲದಲ್ಲಿ ಮೊದಲ ಒಲಿಂಪಿಕ್ ಜ್ಯೋತಿ ಹೊತ್ತಿತೆಂದು ನಾವೆಲ್ಲ ಓದಿದ್ದೇವೆ. ಅದು 24 ವರ್ಷ ಮೊದಲೇ, 1940ರಲ್ಲೇ, ಅದೇ ಊರಿನಲ್ಲಿ ಹೊತ್ತಬೇಕಾಗಿತ್ತು. ಆ ಹಕ್ಕನ್ನು ಜಪಾನಿಗೆ ಗೆದ್ದುಕೊಟ್ಟವರು ಮುಖ್ಯವಾಗಿ ಮೂವರು. ಒಬ್ಬರು ಜೂಡೊ ವಿದ್ಯೆಯ ಪಿತಾಮಹ ಕಾನೊ ಜಿಗೊರೊ. ಅವರ ಹೆಸರನ್ನು ಲೋಕವೆಲ್ಲ ಬಲ್ಲದು. ಎರಡನೆಯವನು ಕೌಂಟ್ ಸೊಯೆಷಿಮ ಮಿಚಿಮಾಸ. ಮೂರನೆಯವನು ರಾಯಭಾರಿ ಸುಗಿಮುರ ಯೋತಾರೊ. (ಜಪಾನೀಯರ ಕ್ರಮದಂತೆ ಮನೆತನದ ಹೆಸರನ್ನೇ ಮೊದಲು ಬರೆದಿದ್ದೇನೆ.) ಈ ಮೂರನೆಯವನನ್ನು ಹೊರಗಿನವರು ಬಹುಮಟ್ಟಿಗೆ ಮರೆತಿದ್ದಾರೆ. ಆದರೆ ಆ ಕೂಟ ಬಂದದ್ದು ಹೇಗೆ, ಕೈಬಿಟ್ಟದ್ದು ಏಕೆ ಎಂಬುದನ್ನು ತಿಳಿಯಬೇಕಾದರೆ ಈತನ ಬಾಳನ್ನೇ ಹಿಡಿದು ನೋಡುವುದು ಲೇಸು. ಏಕೆಂದರೆ ಒಂದೇ ಪ್ರಶ್ನೆ ಈತನನ್ನು ಜಿನೀವದಲ್ಲಿ, ಓಸ್ಲೋದಲ್ಲಿ, ರೋಮಿನಲ್ಲಿ ಬೆನ್ನಟ್ಟಿ ಬಂದಿತು: ನೀನು ಯಾರ ಕಡೆಯವನು?

ಸುಗಿಮುರ ಹುಟ್ಟಿದ್ದು 1884ರಲ್ಲಿ, ಟೋಕಿಯೋದಲ್ಲಿ. ಮನೆತನದ ಮೂಲ ಈಶಾನ್ಯದ ಮೊರಿಯೋಕ. ರಾಯಭಾರ ಅವನಿಗೆ ಪಿತ್ರಾರ್ಜಿತವೆಂದೇ ಹೇಳಬೇಕು. ತಂದೆ ಸುಗಿಮುರ ಫುಕಾಶಿ ಕೊರಿಯದ ರಾಜಧಾನಿ ಸೋಲ್‌ನಲ್ಲಿ ಜಪಾನೀ ದೂತಾಲಯದ ಕಾರ್ಯದರ್ಶಿಯಾಗಿದ್ದನು. 1895ರ ಅಕ್ಟೋಬರಿನಲ್ಲಿ ಕೊರಿಯದ ರಾಣಿ ಮಿನ್ ತನ್ನ ಅರಮನೆಯಲ್ಲೇ ಕೊಲೆಯಾದಳು. ಜಪಾನೀ ದೂತಾಲಯವೇ ಹೂಡಿದ ಸಂಚು ಅದು. ಅದರಲ್ಲಿ ಫುಕಾಶಿಯ ಕೈಯೂ ಇತ್ತು. ಹಿರೋಷಿಮದಲ್ಲಿ ವಿಚಾರಣೆಯೇನೋ ಆಯಿತು, ಎಲ್ಲರ ಬಿಡುಗಡೆಯೂ ಆಯಿತು. ಅದೇ ಮನುಷ್ಯ ಹತ್ತು ವರ್ಷದ ತರುವಾಯ ಬ್ರೆಜಿಲ್ ದೇಶಕ್ಕೆ ಜಪಾನಿನ ಪ್ರತಿನಿಧಿಯಾಗಿ ಹೋಗಿ, ನಮ್ಮ ಬಡ ರೈತರು ಇಲ್ಲಿಗೆ ಬಂದರೆ ಬದುಕಿಕೊಂಡಾರು ಎಂದು ಸರ್ಕಾರಕ್ಕೆ ವರದಿ ಕಳುಹಿಸಿದನು. 1906ರಲ್ಲಿ ಅಲ್ಲಿಯೇ ತೀರಿಕೊಂಡನು. 1908ರಲ್ಲಿ ವಲಸೆಗಾರರ ಮೊದಲ ಹಡಗು ‘ಕಸಾತೊ ಮಾರು’ ಸಾಂಟೋಸ್ ಬಂದರನ್ನು ಮುಟ್ಟಿತು. ಇಂದು ಬ್ರೆಜಿಲ್‌ನಲ್ಲಿರುವ ಜಪಾನೀ ಮೂಲದ ದೊಡ್ಡ ಸಮಾಜಕ್ಕೆ ಅದೇ ಬೀಜ. ದೇಶಕ್ಕಾಗಿ ಮಾಡಿದ್ದೆಲ್ಲ ಸರಿಯೆಂಬ ಕಾಲ ಅದು. ಮಗ ಬೆಳೆದದ್ದು ಅಂಥ ಮನೆಯಲ್ಲಿ.

ಯೋತಾರೊ ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದಿ 1908ರಲ್ಲಿ ವಿದೇಶಾಂಗ ಖಾತೆಯನ್ನು ಸೇರಿದನು. ಮುಂದೆ ಫ್ರಾನ್ಸಿನ ಲಿಯೋನ್‌ನಲ್ಲಿ ಡಾಕ್ಟರೇಟ್ ಪಡೆದನು. ಫ್ರೆಂಚ್ ಭಾಷೆ ನಾಲಗೆಗೆ ಒಗ್ಗಿತು. ಅಂದಿನ ಯುರೋಪಿನ ರಾಜತಂತ್ರಕ್ಕೆ ಅದಕ್ಕಿಂತ ದೊಡ್ಡ ಬಂಡವಾಳವಿರಲಿಲ್ಲ. ಇನ್ನೊಂದು ಬಂಡವಾಳ ಆತನ ಮೈ. ಜಪಾನೀಯರಲ್ಲಿ ಅಪರೂಪವಾದ ಭಾರಿ ಆಳು. ಯುರೋಪಿನ ಸಭೆಗಳಲ್ಲಿ ಎದ್ದು ನಿಂತರೆ ಅಲ್ಲಿನವರಿಗೂ ಕಡಮೆಯಿಲ್ಲದ ಎತ್ತರ. ಈಜಿನಲ್ಲಿ ನುರಿತವನು. ಎಲ್ಲಕ್ಕಿಂತ ಮಿಗಿಲಾಗಿ ಕಾನೊ ಅವರ ಶಿಷ್ಯ, ಜೂಡೊದಲ್ಲಿ ಮೇಲಿನ ದರ್ಜೆಗೇರಿದವನು.

ಇಲ್ಲಿ ಗುರುವಿನ ವಿಚಾರ ಒಂದಿಷ್ಟು ಹೇಳದಿದ್ದರೆ ಶಿಷ್ಯನ ಕಥೆ ನಿಲ್ಲುವುದಿಲ್ಲ. 1882ರಲ್ಲಿ, ಇನ್ನೂ ಇಪ್ಪತ್ತೆರಡು ತುಂಬದ ತರುಣ ಕಾನೊ, ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳಷ್ಟು ಜಾಗ ಹಿಡಿದು ಕೊಡೊಕಾನ್ ಎಂಬ ತಮ್ಮ ಗರಡಿಯನ್ನು ಆರಂಭಿಸಿದರು. ಸಮುರಾಯ್ ಕಾಲದ ಹೊಡೆದು ಕೆಡಹುವ ವಿದ್ಯೆಯಿಂದ ಅಪಾಯದ ಪಟ್ಟುಗಳನ್ನು ತೆಗೆದು, ಅದನ್ನು ಶಾಲೆಯ ಹುಡುಗರು ಕಲಿಯಬಲ್ಲ ಶಿಕ್ಷಣವನ್ನಾಗಿ ಮಾಡಿದರು. ಎದುರಾಳಿ ನೂಕಿದರೆ ಎದುರು ನೂಕಬೇಡ, ಬಳುಕು. ಅವನ ಬಲವೇ ಅವನನ್ನು ಬೀಳಿಸಲಿ ಎಂಬುದು ಅದರ ತಿರುಳು. (ರವೀಂದ್ರನಾಥ ಠಾಕೂರರು ಈ ವಿದ್ಯೆಗೆ ಮಾರುಹೋಗಿ 1929ರಲ್ಲಿ ಕಾನೊ ಅವರ ಶಿಷ್ಯ ತಕಾಗಾಕಿಯನ್ನು ಶಾಂತಿನಿಕೇತನಕ್ಕೇ ಕರೆಸಿಕೊಂಡಿದ್ದರು.) 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಏಷ್ಯಾದಿಂದ ಮೊಟ್ಟಮೊದಲು ಆರಿಸಿಕೊಂಡ ಸದಸ್ಯ ಈ ಕಾನೊ ಅವರೇ.

1912ರಲ್ಲಿ ಸ್ಟಾಕ್‌ಹೋಮಿಗೆ ಜಪಾನ್ ಕಳುಹಿಸಿದ ಪಟುಗಳು ಇಬ್ಬರೇ ಇಬ್ಬರು. ಅವರಲ್ಲಿ ಮ್ಯಾರಥಾನ್ ಓಟಗಾರ ಕಾನಾಕುರಿ ಬಿಸಿಲಿನ ಝಳಕ್ಕೆ ದಾರಿಯಲ್ಲೇ ಸೋತು, ಯಾರಿಗೂ ಹೇಳದೆ ಊರಿಗೆ ಮರಳಿಬಿಟ್ಟನು. 1967ರಲ್ಲಿ ಸ್ವೀಡನ್ನಿನವರು ಆ ಮುದುಕನನ್ನು ಪ್ರೀತಿಯಿಂದ ಕರೆಸಿ ಓಟವನ್ನು ಮುಗಿಸಲು ಹೇಳಿದರು. ಐವತ್ತನಾಲ್ಕು ವರ್ಷಗಳಿಗೂ ಮಿಕ್ಕ ಕಾಲದಲ್ಲಿ ಒಂದು ಮ್ಯಾರಥಾನ್ ಮುಗಿಯಿತು! ಇಬ್ಬರಿಂದ ಆರಂಭವಾದ ದೇಶ 1932ರಲ್ಲಿ ಲಾಸ್ ಏಂಜಲಿಸ್‌ಗೆ ಹೋಗುವ ಹೊತ್ತಿಗೆ ನೂರಕ್ಕೂ ಮಿಕ್ಕ ಪಟುಗಳ ದಂಡನ್ನು ಕಟ್ಟಿತ್ತು. ಪುರುಷರ ಈಜಿನ ಆರು ಸ್ಪರ್ಧೆಗಳಲ್ಲಿ ಐದು ಚಿನ್ನವನ್ನು ಜಪಾನೀ ಹುಡುಗರೇ ಹೊಡೆದರು. 1,500 ಮೀಟರ್ ಗೆದ್ದ ಕಿತಾಮುರ ಇನ್ನೂ ಹದಿನೈದು ತುಂಬದ ಬಾಲಕ.

ಈಗ ಜಿನೀವಕ್ಕೆ ಬರೋಣ. ಮೊದಲ ಮಹಾಯುದ್ಧದ ನಂತರ ಸ್ಥಾಪಿತವಾದ ರಾಷ್ಟ್ರಸಂಘದಲ್ಲಿ ಜಪಾನ್ ಮುಂದಿನ ಸಾಲಿನ ಸದಸ್ಯ ರಾಷ್ಟ್ರ. ಸಂಘದ ಕಚೇರಿಯಲ್ಲಿ ಒಬ್ಬ ಉಪ ಪ್ರಧಾನ ಕಾರ್ಯದರ್ಶಿಯ ಸ್ಥಾನ ಜಪಾನೀಯನಿಗೆ ಮೀಸಲಾಗಿತ್ತು. ಮೊದಲು ಅಲ್ಲಿ ಕುಳಿತವನು ‘ಬುಷಿಡೊ’ ಗ್ರಂಥದಿಂದ ಪ್ರಸಿದ್ಧನಾದ ನಿತೋಬೆ ಇನಾಜೊ, ಆತನೂ ಮೊರಿಯೋಕದವನೇ. 1927ರಲ್ಲಿ ಆ ಕುರ್ಚಿಗೆ ಸುಗಿಮುರ ಬಂದನು. ರಾಜಕೀಯ ಶಾಖೆಯ ಮುಖ್ಯಸ್ಥನ ಕೆಲಸವೂ ಅವನ ಪಾಲಿಗೇ ಬಿದ್ದಿತು. ಪ್ರಪಂಚದಲ್ಲಿ ಎಲ್ಲಿ ಗಡಿ ತಂಟೆಯಾದರೂ ಅದರ ಕಡತ ಆತನ ಮೇಜಿನ ಮೇಲೆ ಹಾದುಹೋಗಬೇಕು. ಕಚೇರಿಯ ನಿಯಮ ಸ್ಪಷ್ಟವಾಗಿತ್ತು: ಇಲ್ಲಿ ಕೆಲಸ ಮಾಡುವವರು ತಮ್ಮ ದೇಶದ ಪ್ರತಿನಿಧಿಗಳಲ್ಲ, ಸಂಘದ ಸೇವಕರು; ತಮ್ಮ ಸರ್ಕಾರದ ಅಪ್ಪಣೆಯನ್ನು ಕೇಳಬಾರದು.

ನಾಲ್ಕು ವರ್ಷ ಈ ನಿಯಮಕ್ಕೆ ಹೇಳಿಕೊಳ್ಳುವಂಥ ಪರೀಕ್ಷೆ ಬರಲಿಲ್ಲ. 1931ರ ಸೆಪ್ಟೆಂಬರ್ 18ರ ರಾತ್ರಿ ಮುಕ್ಡೆನ್ ಪಟ್ಟಣದ ಬಳಿ ರೈಲು ಹಳಿಯ ಮೇಲೆ ಸಿಡಿಮದ್ದು ಸಿಡಿಯಿತು. ಸಿಡಿಸಿದವರು ಜಪಾನೀ ಸೇನೆಯವರೇ. ಅದನ್ನೇ ನೆಪವಾಗಿ ಹಿಡಿದು ಅವರು ಮಂಚೂರಿಯವನ್ನು ನುಂಗಿದರು. ಚೀನ ರಾಷ್ಟ್ರಸಂಘದ ಬಾಗಿಲು ಬಡಿಯಿತು. ರಾಜಕೀಯ ಶಾಖೆಯ ಮುಖ್ಯಸ್ಥ ಜಪಾನೀಯ, ಆರೋಪಿ ಜಪಾನ್! ಅಡಕತ್ತರಿಯ ನಡುವೆ ಸಿಕ್ಕಿದ ಅಡಕೆಯ ಪಾಡು ಸುಗಿಮುರನದಾಯಿತು. ಜಿನೀವದಲ್ಲಿ ಅವನನ್ನು ನಂಬದವರು ಇದ್ದರು. ಟೋಕಿಯೋದ ಉಗ್ರರಿಗೋ ಸಂಘದ ಕಚೇರಿಯಲ್ಲಿ ಕುಳಿತ ಯಾವನ ಮೇಲೂ ವಿಶ್ವಾಸವಿರಲಿಲ್ಲ.

ಆತ ಮಾಡಿದ್ದೇನು? 1933ರ ಜನವರಿಯಲ್ಲಿ ಸಂಘದ ಪ್ರಧಾನ ಕಾರ್ಯದರ್ಶಿ ಸರ್ ಎರಿಕ್ ಡ್ರಮಂಡನೊಡನೆ ಕುಳಿತು ಒಂದು ರಾಜಿಯ ಕರಡನ್ನು ಸಿದ್ಧಪಡಿಸಿದನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು; ಖಂಡನೆಯ ಮಾತು ಮೆತ್ತಗಾಗಬೇಕು, ಸಂಧಾನದ ಬಾಗಿಲು ತೆರೆದಿರಬೇಕು, ಜಪಾನ್ ಸಂಘದಲ್ಲಿ ಉಳಿಯಬೇಕು. ಸುದ್ದಿ ಹೊರಬಿದ್ದಾಗ ಚೀನವೂ ಅದರ ಬೆನ್ನಿಗಿದ್ದ ಸಣ್ಣ ರಾಷ್ಟ್ರಗಳೂ ಸಿಡಿದೆದ್ದವು. ಟೋಕಿಯೋ ಕೂಡ ಇಷ್ಟು ಸಾಲದೆಂದಿತು. ಕರಡು ಕಡತದಲ್ಲೇ ಉಳಿಯಿತು. ಫೆಬ್ರುವರಿ 24ರಂದು ಮಹಾಸಭೆ 42 ಮತಗಳಿಂದ ಜಪಾನಿನ ವಿರುದ್ಧ ವರದಿಯನ್ನು ಅಂಗೀಕರಿಸಿತು. ವಿರೋಧವಾಗಿ ಬಿದ್ದ ಮತ ಒಂದೇ, ಅದು ಜಪಾನಿನದು. ಪ್ರತಿನಿಧಿ ಮತ್ಸುವೋಕ ತನ್ನ ಪರಿವಾರದೊಡನೆ ಸಭಾಂಗಣದಿಂದ ಹೊರನಡೆದನು. ಮಾರ್ಚಿ 27ರಂದು ಜಪಾನ್ ಸಂಘವನ್ನು ಬಿಡುವುದಾಗಿ ತಿಳಿಸಿತು. ಸುಗಿಮುರನೂ ತನ್ನ ಕುರ್ಚಿ ಬಿಟ್ಟು ಏಳಬೇಕಾಯಿತು.

ಆ ಕರಡನ್ನು ಓದುವವರಿಗೆ ಎರಡು ಬಗೆಯ ಭಾವನೆ ಬಾರದಿರದು. ಯುದ್ಧವನ್ನು ತಪ್ಪಿಸಲು ಪ್ರಾಮಾಣಿಕವಾಗಿ ಒದ್ದಾಡಿದವನ ಕೆಲಸವೆಂದರೂ ಸರಿಯೇ. ಆಕ್ರಮಣಕ್ಕೊಳಗಾದವನ ಹಕ್ಕನ್ನು ಮಾತಿನ ಚಾತುರ್ಯದಲ್ಲಿ ಮರೆಸಲು ಹೊರಟವನ ಕೆಲಸವೆಂದರೂ ತಪ್ಪಲ್ಲ. ನನಗೆ ತೋರುವಂತೆ ಎರಡೂ ನಿಜ.

ಜಪಾನ್ ರಾಷ್ಟ್ರಸಂಘಕ್ಕೆ ಶರಣು ಹೊಡೆದ ಅದೇ 1933ರ ಬೇಸಗೆಯಲ್ಲಿ, ಒಲಿಂಪಿಕ್ ಸಮಿತಿ ವಿಯೆನ್ನಾದಲ್ಲಿ ಸೇರಿ ಸುಗಿಮುರನನ್ನು ಸದಸ್ಯನನ್ನಾಗಿ ಆರಿಸಿತು. ಒಂದು ಬಾಗಿಲು ಮುಚ್ಚಿದ ವರ್ಷವೇ ಇನ್ನೊಂದು ಬಾಗಿಲು ತೆರೆಯಿತು. ಆದರೆ ಈ ಹೊಸ ಮನೆಯ ನಿಯಮವೂ ಹಳೆಯದರಂತೆಯೇ ಇತ್ತು. ಸಮಿತಿಯ ಸ್ಥಾಪಕ ಬ್ಯಾರನ್ ಕೂಬರ್ತೆನ್ ಹಾಕಿಕೊಟ್ಟ ಕಟ್ಟಳೆ ಏನೆಂದರೆ, ಸದಸ್ಯನು ತನ್ನ ದೇಶದ ಪರವಾಗಿ ಸಮಿತಿಗೆ ಬಂದವನಲ್ಲ. ಸಮಿತಿಯ ಪರವಾಗಿ ತನ್ನ ದೇಶದಲ್ಲಿರುವವನು. ಕಾಗದದ ಮೇಲೆ ಚೆಂದವಾದ ಮಾತು. ರಾಯಭಾರಿಯ ಉದ್ಯೋಗದಲ್ಲಿರುವವನೊಬ್ಬನನ್ನು ಸದಸ್ಯನನ್ನಾಗಿ ಮಾಡಿಕೊಂಡು ಆ ಮಾತನ್ನು ನಡೆಸುವುದು ಹೇಗೆ ಎಂದು ಸಮಿತಿಯವರೂ ಆಗ ಯೋಚಿಸಿದಂತಿಲ್ಲ.

ಟೋಕಿಯೋ ಕೂಟದ ಕನಸು ಮೊಳೆತದ್ದು 1930ರಲ್ಲಿ. 1923ರ ಭೂಕಂಪದಲ್ಲಿ ಸುಟ್ಟು ಬೂದಿಯಾದ ನಗರವನ್ನು ಮತ್ತೆ ಕಟ್ಟಿ ಮುಗಿಸಿದ ಉತ್ಸಾಹ. ಅದರ ಮೇಯರ್ ನಾಗಾತ ಹಿದೆಜಿರೊ ಎಂಬವನಿಗೆ ಈ ಹೊಳಹು ಹೊಳೆಯಿತು. 1940 ಬೇರೆ ಪುಣ್ಯವರ್ಷ. ಜಪಾನಿನ ಪುರಾಣದ ಮೊದಲ ಸಾರ್ವಭೌಮ ಜಿಮ್ಮು ಪಟ್ಟವೇರಿ 2,600 ವರ್ಷ ತುಂಬುವ ವರ್ಷವದು. ಎದುರಿನ ಅಡ್ಡಿಗಳೇನು ಕಡಮೆಯೆ? ಯುರೋಪಿನಿಂದ ವಾರಗಟ್ಟಲೆ ಪ್ರಯಾಣ, ದುಬಾರಿ ಖರ್ಚು, ಟೋಕಿಯೋದ ಬೇಸಗೆಯ ಬೆವರು. ಎದುರಾಳಿಗಳಲ್ಲಿ ಪ್ರಬಲವಾದವು ರೋಮ್ ಮತ್ತು ಹೆಲ್ಸಿಂಕಿ. ರೋಮಿನ ಹಿಂದೆ ನಿಂತಿದ್ದವನು ಮುಸೊಲಿನಿ.

ಸುಗಿಮುರ 1934ರಲ್ಲಿ ಇಟಲಿಗೆ ರಾಯಭಾರಿಯಾಗಿ ಹೋದನು. ರೋಮಿಗೆ ಹೋದರೆ ಅಲ್ಲಿ ಬ್ರಿಟಿಷ್ ರಾಯಭಾರಿಯಾಗಿ ಎದುರಾದವನು ಯಾರು? ಜಿನೀವದಲ್ಲಿ ಜೊತೆಗೆ ಕರಡು ಬರೆದ ಅದೇ ಸರ್ ಎರಿಕ್ ಡ್ರಮಂಡ್! ಸಂಧಾನದ ಮನೆಯ ಇಬ್ಬರು ಹಳೆಯ ಪಾರುಪತ್ಯಗಾರರು ಈಗ ಒಬ್ಬ ಸರ್ವಾಧಿಕಾರಿಯ ಓಲಗದಲ್ಲಿ ತಮ್ಮ ತಮ್ಮ ದೊರೆಗಳ ಪರವಾಗಿ ಕುಳಿತಿದ್ದರು.

ಮುಸೊಲಿನಿಯನ್ನೇ ನೇರವಾಗಿ ಕೇಳಿಬಿಟ್ಟರೆ ಹೇಗೆ ಎಂಬ ಯೋಚನೆ ಹುಟ್ಟಿತು. ಅದಕ್ಕಾಗಿ ಟೋಕಿಯೋದಿಂದ ಹೊರಟುಬಂದವನು ಕೌಂಟ್ ಸೊಯೆಷಿಮ. ಮೇಜಿ ಯುಗದ ವಿದೇಶಾಂಗ ಮಂತ್ರಿಯೊಬ್ಬನ ಮಗ, ಕೇಂಬ್ರಿಜ್‌ನಲ್ಲಿ ಓದಿದವನು, ಅರವತ್ತು ದಾಟಿದ ವಯಸ್ಸು. 1935ರ ಜನವರಿ 16ರಂದು ಸುಗಿಮುರನೊಡನೆ ಮುಸೊಲಿನಿಯ ಅರಮನೆಗೆ ಹೋದಾಗ ಆತ ಜ್ವರದಿಂದ ಬೇಯುತ್ತಿದ್ದನು. ಒಳಗೆ ಕರೆ ಬರುವ ಮುನ್ನವೇ ಕುಸಿದುಬಿದ್ದನು. ನ್ಯುಮೋನಿಯ. ಬದುಕಿದ್ದೇ ಹೆಚ್ಚು. ಮೂರು ವಾರ ಹಾಸಿಗೆ ಹಿಡಿದು, ಫೆಬ್ರುವರಿ 8ರಂದು ಮತ್ತೆ ಅದೇ ಅರಮನೆಯ ಮೆಟ್ಟಿಲೇರಿದನು. ಆ ವೃದ್ಧನ ಹಟ ಮುಸೊಲಿನಿಯ ಮನಸ್ಸಿಗೆ ನಾಟಿತೆಂದು ಹೇಳುತ್ತಾರೆ. 1940ನ್ನು ಟೋಕಿಯೋಗೆ ಬಿಟ್ಟುಕೊಡುತ್ತೇವೆ, 1944ಕ್ಕೆ ರೋಮಿಗೆ ನೀವು ಬೆಂಬಲ ಕೊಡಿ ಎಂದು ಒಪ್ಪಂದವಾಯಿತು. ಪಟ್ಟು ಸರಿಯಾಗಿ ಬಿದ್ದಿತ್ತು. ಎದುರಾಳಿ ತಾನಾಗಿಯೇ ಚಾಪೆಯಿಂದ ಕೆಳಗಿಳಿದಿದ್ದನು.

ಆ ತಿಂಗಳ ಕೊನೆಗೆ ಓಸ್ಲೋದಲ್ಲಿ ಒಲಿಂಪಿಕ್ ಸಮಿತಿಯ ಅಧಿವೇಶನ. ಸೊಯೆಷಿಮ ಇನ್ನೂ ನಿತ್ರಾಣ. ಸುಗಿಮುರನೇ ಹೋಗಿ, ಇಟಲಿ ಹಿಂದೆ ಸರಿದಿದೆ ಎಂದು ಸಭೆಗೆ ತಿಳಿಸಿದನು. ಸಭೆ ಅವಾಕ್ಕಾಯಿತು. ಇಟಲಿಯ ಸದಸ್ಯ ಕೌಂಟ್ ಬೊನಕೋಸ ಎದ್ದುನಿಂತು, ತನಗೆ ಅಂಥ ಸೂಚನೆಯೇ ಬಂದಿಲ್ಲ, ರೋಮ್ ಕಣದಲ್ಲಿಯೇ ಇದೆ ಎಂದುಬಿಟ್ಟನು! ಒಬ್ಬ ಜಪಾನೀಯ ಇಟಲಿಯ ಪರವಾಗಿ ಮಾತನಾಡುತ್ತಾನೆ, ಇಟಲಿಯವನು ತನ್ನ ಸರ್ಕಾರದ ಮುಖ್ಯಸ್ಥನ ಮಾತನ್ನು ಅರಿಯನು. ಹಿಂದೆ ರೋಮಿಗೆ ತಂತಿಯ ಮೇಲೆ ತಂತಿ ಹೋಯಿತು. ನಾರ್ವೆಯಲ್ಲಿದ್ದ ಇಟಲಿಯ ರಾಯಭಾರ ಕಚೇರಿಯಿಂದ, ಹೌದು, ಹಿಂದೆ ಸರಿದಿದ್ದೇವೆ ಎಂದು ತಿಳಿಸಲಾಯಿತು.

ಸಮಿತಿಯ ಅಧ್ಯಕ್ಷ, ಬೆಲ್ಜಿಯಂನ ಕೌಂಟ್ ಬೈಯೆ ಲಾತೂರ್ ಕೆಂಡವಾದನು. ಕ್ರೀಡಾಕೂಟವನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸುವುದು ಸಮಿತಿಯೋ, ಮುಸೊಲಿನಿಯೋ? ಸದಸ್ಯನೊಬ್ಬ ಸಮಿತಿಯ ಬೆನ್ನ ಹಿಂದೆ ಹೋಗಿ ಒಂದು ಸರ್ಕಾರದೊಡನೆ ವ್ಯಾಪಾರ ಕುದುರಿಸುವುದೆಂದರೆ ಏನು? ಮತದಾನವನ್ನು ಮುಂದಿನ ವರ್ಷದ ಬರ್ಲಿನ್ ಅಧಿವೇಶನಕ್ಕೆ ಹಾಕಿದರು. ಹಾಗೆ ನೋಡಿದರೆ ಸುಗಿಮುರ ಮಾಡಿದ ಹೊಸ ಅಪರಾಧವೇನೂ ಇರಲಿಲ್ಲ. 1936ರ ಕೂಟವನ್ನು ಕೈಯಲ್ಲಿಟ್ಟುಕೊಂಡು ಹಿಟ್ಲರ್ ಏನು ಮಾಡುತ್ತಿದ್ದಾನೆಂಬುದು ಸಮಿತಿಯವರಿಗೆ ತಿಳಿಯದ್ದಲ್ಲ. ಅದನ್ನು ಕಾಣದಂತೆ ಇರುವುದೇ ಅಲ್ಲಿ ಸಭ್ಯತೆಯೆನಿಸಿತ್ತು. ಸುಗಿಮುರ ಅದನ್ನು ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಹೇಳಿದನು. ವೃತ್ತಿಯಿಂದ ರಾಯಭಾರಿಯಾದವನಿಗೆ ಇದು ಸಹಜವಾದ ದಾರಿಯೆಂದೇ ತೋರಿರಬೇಕು. ಆದರೆ ಜಿನೀವದಲ್ಲಿ ಆರು ವರ್ಷ ‘ನಾನು ನನ್ನ ದೇಶದ ಪ್ರತಿನಿಧಿಯಲ್ಲ’ ಎಂಬ ನಿಯಮದಡಿಯಲ್ಲಿ ಕುಳಿತವನಿಗೆ ಓಸ್ಲೋದ ಕೋಪ ಅನಿರೀಕ್ಷಿತವಾಗಿರಲಾರದು.

ಓಸ್ಲೋದಿಂದ ರೋಮಿಗೆ ಮರಳಿದ ಮೇಲೆ ಪ್ರಶ್ನೆ ಮತ್ತೊಂದು ಮಗ್ಗುಲಿನಿಂದ ಬಂದಿತು. ಮುಸೊಲಿನಿ ಇಥಿಯೋಪಿಯದ ಮೇಲೆ ಬೀಳಲು ದಂಡು ಕೂಡಿಸುತ್ತಿದ್ದನು. ಬಿಳಿಯರಲ್ಲದ ಇನ್ನೊಂದು ಪ್ರಾಚೀನ ಸಾಮ್ರಾಜ್ಯವೆಂದು ಜಪಾನಿನ ಜನರಲ್ಲಿ ಇಥಿಯೋಪಿಯದ ಮೇಲೆ ಅಕ್ಕರೆಯಿತ್ತು. ಅಲ್ಲಿನ ಒಬ್ಬ ಕುಲೀನ ಯುವಕನಿಗೆ ಜಪಾನೀ ಕನ್ಯೆಯನ್ನು ತರುವ ಮಾತುಕತೆಯೂ ನಡೆದು, ಕೊನೆಗೆ ಮುರಿದುಬಿದ್ದಿತ್ತು. 1935ರ ಜುಲೈನಲ್ಲಿ ಸುಗಿಮುರ ಮುಸೊಲಿನಿಯನ್ನು ಕಂಡು, ಇಥಿಯೋಪಿಯದಲ್ಲಿ ಕೈಹಾಕುವ ಉದ್ದೇಶ ಜಪಾನಿಗಿಲ್ಲ ಎಂದು ಭರವಸೆಯಿತ್ತನು. ಮಾತು ಹೊರಬಿದ್ದೊಡನೆ ಟೋಕಿಯೋದಲ್ಲಿ ಗದ್ದಲವೆದ್ದಿತು. ವಿದೇಶಾಂಗ ಖಾತೆ ತನ್ನ ರಾಯಭಾರಿಯ ಮಾತಿನಿಂದ ದೂರ ಸರಿದು ನಿಂತಿತು. ಇಟಲಿಯ ಪತ್ರಿಕೆಗಳು ಜಪಾನಿನ ಮೇಲೆ ಹರಿಹಾಯ್ದವು. ಓಸ್ಲೋದಲ್ಲಿ ದೇಶದವನಾಗಿ ಅತಿಯಾಗಿ ನಡೆದನೆಂದು ಬೈಗುಳ; ರೋಮಿನಲ್ಲಿ ದೇಶವನ್ನು ಕೇಳದೆ ನುಡಿದನೆಂದು ಬೈಗುಳ. ಐದು ತಿಂಗಳ ಅಂತರದಲ್ಲಿ ಎರಡೂ ದಕ್ಕಿದವು.

1936 ಬಂದಿತು. ಫೆಬ್ರುವರಿ 26ರಂದು ಟೋಕಿಯೋದಲ್ಲಿ ಕಿರಿಯ ಸೇನಾಧಿಕಾರಿಗಳು ದಂಗೆಯೆದ್ದು ಮಂತ್ರಿಗಳನ್ನು ಕೊಂದರು. ಮರುತಿಂಗಳಲ್ಲೇ ಬೈಯೆ ಲಾತೂರ್ ಅತಿಥಿಯಾಗಿ ಅಲ್ಲಿಗೆ ಬಂದನು. ರಕ್ತದ ಕಲೆಯನ್ನು ಒರಸಿ ಹೂವು ಹಾಸಿದ್ದರು. ಉಪಚಾರದಿಂದ ಕೌಂಟನ ಕೋಪ ಕರಗಿ, ಜಪಾನಿನ ಮೇಲೆ ಒಲವೇ ಹುಟ್ಟಿತು. ಲಂಡನ್ ಕೂಡ ಕಣಕ್ಕಿಳಿದಿತ್ತು. ಅದು ಬ್ರಿಟನ್ನಿನವರ ಒಪ್ಪಿಗೆಯಿಂದಲೇ ಹಿಂದೆ ಸರಿಯಿತು. ಜುಲೈ 31ರಂದು ಬರ್ಲಿನ್ನಿನಲ್ಲಿ ಮತದಾನವಾಯಿತು: ಟೋಕಿಯೋಗೆ 36, ಹೆಲ್ಸಿಂಕಿಗೆ 27. ಟೋಕಿಯೋದ ಬೀದಿಗಳಲ್ಲಿ ಹಬ್ಬವಾಯಿತು. ಅದೇ ವರ್ಷ ಸುಗಿಮುರ ಸಮಿತಿಯ ಸದಸ್ಯತ್ವವನ್ನು ಬಿಟ್ಟನು. ಆ ಸ್ಥಾನಕ್ಕೆ ಬಂದವನು ಹಳೆಯ ಷೋಗನ್ ಮನೆತನದ ರಾಜಕುಮಾರ ತೋಕುಗಾವ ಇಯೆಸಾತೊ.

ಯಾರು ಯಾರ ಕಡೆಯವರು ಎಂಬ ಪ್ರಶ್ನೆ ಆ ಬರ್ಲಿನ್ ಕೂಟದಲ್ಲಿ ಸುಗಿಮುರನೊಬ್ಬನದೇ ಆಗಿರಲಿಲ್ಲ. ಆಗಸ್ಟ್ 9ರಂದು ಮ್ಯಾರಥಾನ್ ಗೆದ್ದವನು ಕೊರಿಯದ ತರುಣ ಸೋನ್ ಕಿ-ಜೊಂಗ್. ಪಟ್ಟಿಯಲ್ಲಿ ಅವನ ಹೆಸರು ಜಪಾನೀ ಉಚ್ಚಾರದಲ್ಲಿ ‘ಸೋನ್ ಕಿತೇಯ್’. ಎದೆಯ ಮೇಲೆ ಜಪಾನಿನ ಸೂರ್ಯ. ಬಹುಮಾನದ ವೇದಿಕೆಯ ಮೇಲೆ ತಲೆ ತಗ್ಗಿಸಿ ನಿಂತನು. ಸೋಲ್‌ನ ಒಂದು ಪತ್ರಿಕೆ ಅವನ ಚಿತ್ರದಲ್ಲಿ ಆ ಸೂರ್ಯನನ್ನು ಅಳಿಸಿ ಅಚ್ಚು ಹಾಕಿತು, ಅದಕ್ಕಾಗಿ ಮುಚ್ಚಿಸಿಕೊಂಡಿತು. ಸುಗಿಮುರನ ತಂದೆ ಸಂಚು ಹೂಡಿದ್ದು ಅದೇ ಸೋಲ್‌ನಲ್ಲಿ. ನಮ್ಮ ಹಾಕಿ ತಂಡವೂ ಅಲ್ಲಿತ್ತು. ಆಗಸ್ಟ್ 15ರ ಅಂತಿಮ ಪಂದ್ಯಕ್ಕೆ ಮುನ್ನ ಧ್ಯಾನ್‌ಚಂದ್ ಮತ್ತು ಸಂಗಡಿಗರು ಬಟ್ಟೆ ತೊಡುವ ಕೋಣೆಯಲ್ಲಿ ಕಾಂಗ್ರೆಸ್ಸಿನ ತ್ರಿವರ್ಣಕ್ಕೆ ವಂದಿಸಿ, ಬ್ರಿಟಿಷ್ ಭಾರತದ ಹೆಸರಿನಲ್ಲಿ ಮೈದಾನಕ್ಕಿಳಿದು ಜರ್ಮನಿಯನ್ನು 8-1ರಿಂದ ಸೋಲಿಸಿದರು. 1940ರ ಕೂಟ ನಡೆದಿದ್ದರೆ ಆ ಮಾಂತ್ರಿಕನ ಕೋಲನ್ನು ಟೋಕಿಯೋ ಕೂಡ ಕಾಣಬಹುದಿತ್ತೋ ಏನೋ.

ಗೆದ್ದದ್ದನ್ನು ಕಟ್ಟಿ ನಿಲ್ಲಿಸುವ ಕೆಲಸ ಆರಂಭವಾದಾಗ, ಅದು ಸರ್ಕಾರದ ಕೂಸೆಂಬುದು ಬಯಲಾಯಿತು. ವ್ಯವಸ್ಥಾಪಕ ಸಮಿತಿಯಲ್ಲಿ ಯುದ್ಧಖಾತೆಯ ಉಪಮಂತ್ರಿಗೂ ಒಂದು ಕುರ್ಚಿ. ಕ್ರೀಡಾಂಗಣವನ್ನು ಮೇಜಿ ದೇಗುಲದ ಹೊರ ಉದ್ಯಾನದಲ್ಲಿ ಕಟ್ಟಬೇಕೆಂದರೆ ದೇಗುಲಗಳ ಅಧಿಕಾರಿಗಳ ಆಕ್ಷೇಪ. ಜಗ್ಗಾಡಿ ಜಗ್ಗಾಡಿ ಕೊನೆಗೆ ಕೊಮಾಜಾವ ಎಂಬ ಬೇರೆ ಸ್ಥಳವನ್ನು ಗೊತ್ತುಮಾಡಿದರು. 1937ರ ಜುಲೈ 7ರಂದು ಪೀಕಿಂಗ್ ಬಳಿಯ ಮಾರ್ಕೋ ಪೋಲೊ ಸೇತುವೆಯಲ್ಲಿ ಗುಂಡು ಹಾರಿ ಚೀನದೊಡನೆ ದೊಡ್ಡ ಯುದ್ಧವೇ ಹತ್ತಿಕೊಂಡಿತು. ಸೇನೆ ತನ್ನ ಕುದುರೆ ಸವಾರರನ್ನು ತರಬೇತಿಯಿಂದ ಹಿಂದಕ್ಕೆ ಕರೆಸಿಕೊಂಡಿತು. ಉಕ್ಕು ಫಿರಂಗಿಗೇ ಸಾಲದಾಗ ಕ್ರೀಡಾಂಗಣಕ್ಕೆ ಎಲ್ಲಿಂದ ಬರಬೇಕು? ಸುಗಿಮುರ ಆ ವರ್ಷ ಪ್ಯಾರಿಸ್ಸಿಗೆ ರಾಯಭಾರಿಯಾಗಿ ವರ್ಗವಾಗಿದ್ದನು. ಚೀನದ ನಗರಗಳ ಮೇಲೆ ಬಾಂಬು ಬೀಳುತ್ತಿರುವಾಗ ಜಪಾನಿನ ಪರ ಮಾತನಾಡುವ ಕೆಲಸ ಈಗ ಆತನದು.

1938ರ ಮಾರ್ಚಿಯಲ್ಲಿ ಒಲಿಂಪಿಕ್ ಸಮಿತಿ ಕೈರೋದಲ್ಲಿ ಸೇರಿತು. ಎಪ್ಪತ್ತೇಳು ವರ್ಷದ ಕಾನೊ ಅಲ್ಲಿಗೆ ಹೋಗಿ, ಟೋಕಿಯೋ ಕೂಟ ನಡೆದೇ ನಡೆಯುತ್ತದೆ ಎಂದು ವಾದಿಸಿ ಸಮಿತಿಯನ್ನು ಒಪ್ಪಿಸಿದರು. ಅಮೆರಿಕದ ಮೂಲಕ ಊರಿಗೆ ಮರಳುವಾಗ ‘ಹಿಕಾವ ಮಾರು’ ಹಡಗಿನಲ್ಲಿ ನ್ಯುಮೋನಿಯ ತಗಲಿತು. ಯೊಕೊಹಾಮ ಬಂದರು ಇನ್ನೆರಡು ದಿನದ ದಾರಿಯಿರುವಾಗ, ಮೇ 4ರಂದು, ನಡುಗಡಲಿನಲ್ಲಿ ಪ್ರಾಣ ಬಿಟ್ಟರು. ಅವರು ನಂಬಿದ ಮಾತು ಸುಳ್ಳಾಗುವುದನ್ನು ಅವರು ನೋಡಲಿಲ್ಲ.

ಕಹಿಯಾದ ಕೆಲಸ ಉಳಿದದ್ದು ಸೊಯೆಷಿಮನಿಗೆ. ಮುಸೊಲಿನಿಯ ಬಾಗಿಲಲ್ಲಿ ಕುಸಿದುಬಿದ್ದು ಆ ಕೂಟವನ್ನು ತಂದ ಮುದುಕನೇ ಪ್ರಧಾನಮಂತ್ರಿ ಕೊನೊಯೆಯ ಬಳಿಗೆ ಹೋಗಿ, ನಡೆಸಲಾಗದಿದ್ದರೆ ಬೇಗ ಹೇಳಿಬಿಡಿ, ಬೇರೆಯವರಿಗಾದರೂ ಸಿದ್ಧವಾಗಲು ಕಾಲಾವಕಾಶ ಸಿಗಲಿ ಎಂದು ಕೇಳಿಕೊಂಡನು. ಸ್ವದೇಶದಲ್ಲಿ ಅದಕ್ಕಾಗಿ ನಿಂದೆಯನ್ನೂ ಹೊತ್ತನು. ಕೂಬರ್ತೆನ್‌ನ ಕಟ್ಟಳೆಯನ್ನು ಆ ಮೂವರಲ್ಲಿ ಒಬ್ಬನಾದರೂ ಅಕ್ಷರಶಃ ನಡೆಸಿದ್ದರೆ ಅದು ಸೊಯೆಷಿಮ, ಅದು ಆ ಒಂದು ದಿನ. ಜುಲೈ 15ರಂದು ಮಂತ್ರಿಮಂಡಲ ಕೂಟವನ್ನು ಕೈಬಿಡಲು ತೀರ್ಮಾನಿಸಿತು. ಸಪ್ಪೊರೊದಲ್ಲಿ ನಡೆಯಬೇಕಾಗಿದ್ದ ಚಳಿಗಾಲದ ಕೂಟವೂ ಅದರ ಜೊತೆಗೇ ಹೋಯಿತು. ಸಮಿತಿ ಟೋಕಿಯೋದ ಪಾಲನ್ನು ಹೆಲ್ಸಿಂಕಿಗೆ ಕೊಟ್ಟಿತು. ಅಲ್ಲಿಯೂ ಅದು ನಡೆಯಲಿಲ್ಲ. ಯುದ್ಧ ಯುರೋಪಿಗೂ ಬಂದಿತ್ತು.

ಸುಗಿಮುರ ಅಷ್ಟು ಹೊತ್ತಿಗೆ ರೋಗಿಯಾಗಿದ್ದನು. ಪ್ಯಾರಿಸ್ಸಿನಿಂದ ಊರಿಗೆ ಮರಳಿ, 1939ರ ಮಾರ್ಚಿ 24ರಂದು ಟೋಕಿಯೋದಲ್ಲಿ ತೀರಿಕೊಂಡನು. ಐವತ್ತೈದು ತುಂಬಿರಲಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಅವನಷ್ಟು ಅನುಭವವಿದ್ದ ಜಪಾನೀಯರು ಆಗ ಬೆರಳೆಣಿಕೆಯಷ್ಟು. ಆ ಅನುಭವಕ್ಕೆ ಅವನ ದೇಶದಲ್ಲಿ ಕೇಳುಗರಿಲ್ಲದ ಕಾಲ ಅದಾಗಲೇ ಬಂದಿತ್ತು. ಜಿನೀವದ ಸಭಾಂಗಣದಿಂದ ಹೊರನಡೆದ ಮತ್ಸುವೋಕ ಮರುವರ್ಷ ವಿದೇಶಾಂಗ ಮಂತ್ರಿಯಾದನು. ಜರ್ಮನಿ ಮತ್ತು ಇಟಲಿಗಳೊಡನೆ ಒಪ್ಪಂದಕ್ಕೆ ಜಪಾನನ್ನು ಕಟ್ಟಿಹಾಕಿದನು.

ಸುಗಿಮುರ ಸತ್ತ ಮೂರು ತಿಂಗಳಿಗೆ, 1939ರ ಜೂನ್‌ನಲ್ಲಿ, ಒಲಿಂಪಿಕ್ ಸಮಿತಿ 1944ರ ಕೂಟವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಲಂಡನ್ನಿನಲ್ಲಿ ಸೇರಿತು. ಮುಸೊಲಿನಿ ಆ ಫೆಬ್ರುವರಿಯ ದಿನ ತನ್ನ ಪಾಲೆಂದು ಕೇಳಿಟ್ಟುಕೊಂಡಿದ್ದ ವರ್ಷ ಅದು. ಮತಗಳನ್ನು ಎಣಿಸಿದರು. ಲಂಡನ್ನಿಗೆ 20, ರೋಮಿಗೆ 2.